ವಿಮಲಾ ಆಂಟಿಯ ಹೆದರಿಕೆ

ಹೆದರಿಕೆಯಾದರೆ ವಿಮಲಾ ಆಂಟಿ ಅದನ್ನು ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. ಸಿಡ್ನಿಯ ಕೆಲ್ಲಿವಿಲ್‌ನ ಪಾರ್ಕಿನಲ್ಲಿ ನಮಗೆಲ್ಲ ತೈ ಚಿ ಎಂಬ ಚೀನೀ ನಿಧಾನ ವ್ಯಾಯಾಮ ಹೇಳಿಕೊಡುತ್ತಿರುವಾಗ ಯಾರದೋ ದೊಡ್ಡ ನಾಯಿ ನಮ್ಮತ್ತ ನುಗ್ಗಿ ಬಂದರೆ, ಎತ್ತಿದ ಕೈ ಎತ್ತಿದಲ್ಲೇ ಇಟ್ಟುಕೊಂಡು, “ಅಯ್ಯೋ, ನಂಗೆ ಹೆದರಿಕೆ ಆಗ್ತಿದೆ ಕಣ್ರೋ, ಮಂಡಿ ನಡುಗ್ತಿದೆ ನೋಡಿ” ಎನ್ನುವರು. ನಾಯಿ ಹೋದ ಮೇಲೆ ಆ ಕೈ ನಿಂತಲ್ಲಿಂದಲೇ ಮುಂದುವರಿಯುವುದು. ಗುರುಗಳೆಂದರೆ ಯಾವುದಕ್ಕೂ ಅಲುಗದವರು ಎಂದುಕೊಂಡಿದ್ದ ನನಗೆ ಇದು ವಿಚಿತ್ರವಾಗಿ ಕಂಡಿತ್ತು.

ಮೈಸೂರಿನವರು. ಅರಿವಳಿಕೆ ಕೊಡುವ ಡಾಕ್ಟರಾಗಿ ಸಿಡ್ನಿಯ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡ ಮೇಲೆ, ಮಲೇಷ್ಯಾದಿಂದ ಬಂದು ನೆಲೆಸಿದ್ದ ಒಬ್ಬ ವೃದ್ಧ ತಾವೋ ಪಂಥದ ಸಾಧಕರ ಬಳಿ ಕಲಿಯಲು ಸೇರಿದರಂತೆ. ಅವರನ್ನು ಆಂಟಿ ‘ಲಿಮ್ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು.

“ಎಲ್ಲ ಕಲಿತೆ ಮೇಷ್ಟ್ರೇ ಅಂತ ಹೇಳಕ್ಕೆ ಹೋದೆ. ‘ಹಾಗಾದ್ರೆ ಕಲಿಸೋಕೆ ಶುರು ಮಾಡು, ಏನೇನು ಬರಲ್ಲ ಅಂತ ಆಗ ಗೊತ್ತಾಗುತ್ತೆ’ ಅಂದ್ರು ಆ ಮಹಾನುಭಾವ. ತಾವೋ ಅಂದ್ರೆ ದಾರಿ ಅಂತೆ. ಊರು ಸೇರಿದೋರೇ ಕಲಿಸ್ಬೇಕು ಅಂತಿಲ್ವಂತೆ, ಇನ್ನೂ ನಡೀತಾ ಇರೋರೂ ಕಲಿಸ್ಬಹುದಂತೆ. ಅಷ್ಟು ಹೇಳಿದ್ರೂ ನಂಗೆ ಧೈರ್ಯ ಬರ್ಲಿಲ್ಲ. ಇವತ್ತಿಗೂ ಕ್ಲಾಸಿಗೆ ಬರೋವಾಗ ಅರ್ಧ ದಾರೀಲಿ ವಾಪಸ್ ಹೋಗ್ಬಿಡೋಣ ಅನ್ಸುತ್ತೆ.”

ನಾನು ಅವರ ಬಳಿ ಹೋದದ್ದೂ ಹೆದರಿಕೆಯಿಂದಲೇ. ನನ್ನ ಮನೆಯಿರುವ ಸ್ಕೋಫೀಲ್ಡ್ಸ್‌ನಿಂದ ಸಿಟಿಗೆ ಡ್ರೈವ್ ಮಾಡುತ್ತಿದ್ದ ಒಂದು ಬೆಳಿಗ್ಗೆ ಟನೆಲ್ ಒಳಗೆ ಎದೆ ಬಿಗಿದು, ಬೆರಳು ಜೋಮು ಹಿಡಿದು, ನನ್ನ ಕತೆ ಮುಗಿಯಿತು ಅನ್ನಿಸಿತ್ತು. ಆಸ್ಪತ್ರೆಯಲ್ಲಿ, ಹೃದಯಕ್ಕೆ ಏನೂ ಆಗಿಲ್ಲ, ಪ್ಯಾನಿಕ್ ಅಟ್ಯಾಕ್ ಎಂದರು. ಅದನ್ನು ಕೇಳಿ ಇನ್ನಷ್ಟು ಭಯವಾಯಿತು. ಏನೂ ಆಗದೆಯೇ ಹೀಗಾಗುವುದಾದರೆ ಯಾವಾಗ ಬೇಕಾದರೂ ಆಗಬಹುದಲ್ಲ! ಟನೆಲ್ ಬಿಟ್ಟು ಸುತ್ತಿ ಹೋಗತೊಡಗಿದೆ. ಆಮೇಲೆ ಆಫೀಸಿನ ಲಿಫ್ಟ್ ಬಿಟ್ಟೆ. ಮಗಳನ್ನು ಕಾರಿನಲ್ಲಿ ಕರೆದೊಯ್ಯಲೂ ಹಿಂಜರಿದಾಗ ಹೆಂಡತಿ ಆಂಟಿಯ ಬಳಿಗೆ ಕಳಿಸಿದಳು.

ಮೊದಲ ದಿನ ಎಲ್ಲರನ್ನೂ ಕಣ್ಣು ಮುಚ್ಚಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೇ ನನ್ನ ಉಸಿರು ಸಿಕ್ಕಿಕೊಂಡಿತು. ದೀರ್ಘವಾಗಿ ಉಸಿರೆಳೆದುಕೋ ಎಂದು ಎಲ್ಲರಂತೆ ಇವರೂ ಹೇಳುತ್ತಾರೆಂದುಕೊಂಡೆ. ಆಂಟಿ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು:

“ಸುಧೀರ, ಅದು ಎಲ್ಲಿಂದ ಶುರುವಾಗುತ್ತೆ?”

“ಹೊಟ್ಟೆ ಮೇಲಿಂದ, ಆಂಟಿ.”

“ನಂಗೆ ಮಂಡಿಯಿಂದ. ಕಣ್ಣು ಮುಚ್ಚಿದ್ರೆ ಜಾಸ್ತಿ ಆಗುತ್ತಾ?”

“ಹೂಂ.”

“ನೋಡು, ಇದು ನಂಗೆ ಹೊಳೆದೇ ಇರ್ಲಿಲ್ಲ.”

ಮುಂದಿನ ವಾರದಿಂದ ಕ್ಲಾಸು ಕಣ್ಣು ತೆರೆದು ನಿಧಾನವಾಗಿ ನಡೆಯುವುದರಿಂದ ಶುರುವಾಯಿತು. ಯಾಕೆಂದು ಯಾರೋ ಕೇಳಿದ್ದಕ್ಕೆ, “ಸುಧೀರ ಹೇಳಿಕೊಟ್ಟ” ಎಂದುಬಿಟ್ಟರು.

ಕೆಲವು ತಿಂಗಳಾದ ಮೇಲೆ ಅವರಿಗೆ ಒಣಕೆಮ್ಮು ಹತ್ತಿಕೊಂಡಿತು. ಸಿಟಿಯ ಸ್ಪೆಷಲಿಸ್ಟ್ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರು. ಟನೆಲ್ ಬೇಡವೆಂದರೆ ತಲುಪುವುದು ತಡವಾಗುತ್ತಿತ್ತು. ಹೋಗೋಣ ಎಂದೆ. ಒಳಗೆ ಅರ್ಧ ದಾರಿಯಲ್ಲಿ ಮುಂದಿನ ಕಾರುಗಳ ಕೆಂಪು ದೀಪಗಳು ಒಂದೊಂದಾಗಿ ಹೊತ್ತಿಕೊಂಡು, ಟ್ರಾಫಿಕ್ ಪೂರ್ತಿ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ನನ್ನ ಬೆರಳುಗಳು ಆಗಲೇ ಜೋಮು ಹಿಡಿಯತೊಡಗಿದ್ದವು. ಬಾಗಿಲು ತೆಗೆದು ಓಡಿಬಿಡಬೇಕು ಅನ್ನಿಸಿತು.

“ಸುಧೀರ, ನಂಗೆ ತುಂಬಾ ಹೆದರಿಕೆ ಆಗ್ತಿದೆ” ಎಂದರು ಆಂಟಿ. “ಆ ಡಾಕ್ಟರ್ ಏನು ಹೇಳ್ತಾರೆ ಅಂತ ನಂಗೆ ಈಗ್ಲೇ ಗೊತ್ತು ಕಣೋ. ಏನಾದ್ರೂ ಹೇಳಿಕೊಡು.”

“ನಾನೇನು ಹೇಳಿಕೊಡ್ಲಿ ಆಂಟಿ? ನೀವೇ ಅಲ್ವಾ ಕಲಿಸಿದ್ದು?”

“ಈಗ ಒಂದೂ ನೆನಪಾಗ್ತಿಲ್ಲ.”

ತಿರುಗಿ ನೋಡಿದೆ. ಸೀಟ್ ಬೆಲ್ಟ್ ಹಿಡಿದಿದ್ದ ಅವರ ಬೆರಳುಗಳು ಬಿಳಿಚಿಕೊಂಡಿದ್ದವು. ಹೆದರಿಕೆಯನ್ನು ಅವರು ನಟಿಸುತ್ತಿರಲಿಲ್ಲ. ನನ್ನ ಬಾಯಿ ಒಣಗಿತ್ತಾದರೂ ಮಾತು ಹೊರಟಿತು. “ಭುಜ ಇಳಿಸಿ ಆಂಟಿ. ಪಾದ ಪೂರ್ತಿ ನೆಲಕ್ಕೆ ಊರಿ. ಉಸಿರು ಎಳ್ಕೋಬೇಡಿ, ಸುಮ್ನೆ ಬಿಡಿ.” ಅವರಿಗೆ ಹೇಳುತ್ತ ಹೇಳುತ್ತ ನನ್ನ ಭುಜವೂ ಇಳಿಯಿತು. ಟ್ರಾಫಿಕ್ ಮತ್ತೆ ಚಲಿಸುವ ಹೊತ್ತಿಗೆ ಇಬ್ಬರೂ ಬೆವತಿದ್ದೆವು.

ಅವರು ಊಹಿಸಿದ್ದೇ ನಿಜವಾಯಿತು. ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಮೆಲ್ಬರ್ನ್‌ನ ವೆರಿಬೀಯಲ್ಲಿದ್ದ ಮಗಳು ಅವರನ್ನು ಕರೆದುಕೊಂಡು ಹೋದಳು. ಹೊರಡುವ ಮುಂಚೆ ಕ್ಲಾಸನ್ನು ನನಗೆ ಒಪ್ಪಿಸಿದರು. ನನಗೆ ಬರಲ್ಲ ಆಂಟಿ ಎಂದರೆ, “ಅದಕ್ಕೇ ಕಲಿಸು ಅಂತಿರೋದು” ಎಂದರು.

ಚಳಿಗಾಲದಲ್ಲಿ ನೋಡಲು ಹೋದೆ. ಮೂಗಿಗೆ ಆಕ್ಸಿಜನ್ ನಳಿಕೆ, ಬೆರಳಿಗೆ ಅದನ್ನು ಅಳೆಯುವ ಕ್ಲಿಪ್. ಎಷ್ಟು ಸಣ್ಣಗಾಗಿದ್ದರೆಂದರೆ ಬಾಗಿಲಲ್ಲೇ ನನ್ನ ಕಾಲು ಹಿಂದೆ ಸರಿಯಿತು. ಕೂತ ಕೂಡಲೇ ಕೇಳಿದರು: “ಕ್ಲಾಸಲ್ಲಿ ಹೊಸದೇನು ಕಲಿತೆ?”

ಆಪರೇಷನ್ ಆಗಿ ತೋಳು ಎತ್ತಲು ಕಷ್ಟಪಡುವ ಒಬ್ಬ ಹೆಂಗಸು ಬರುತ್ತಾರೆ, ಅವರು ಕೈಯನ್ನು ತೋಳಿನ ಬಲದಿಂದ ಎತ್ತದೆ ಬೆನ್ನಿನ ಬಲದಿಂದ ಎತ್ತುತ್ತಾರೆ, ನಮ್ಮೆಲ್ಲರಿಗಿಂತ ಅದೇ ಚೆಂದ ಎಂದೆ. ಆಂಟಿಯ ಕಣ್ಣರಳಿತು.

“ತೋರಿಸು.”

ತೋರಿಸಿದೆ. ಕುರ್ಚಿಯಲ್ಲಿ ಕೂತೇ ಎತ್ತಿ ನೋಡಿದರು. “ಹೌದಲ್ಲೋ! ಇಷ್ಟು ವರ್ಷ ನಾನು ತಪ್ಪು ಹೇಳಿಕೊಡ್ತಿದ್ನಾ? ಇನ್ನೊಂದ್ಸಲ.” ತುಟಿ ನೀಲಿಗಟ್ಟುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಮಗಳು, “ಅಮ್ಮಾ, ಪ್ಲೀಸ್, ಸಾಕು” ಎಂದಳು. ನಾನು ತೋರಿಸಿದ್ದರಿಂದಲೇ ಏನಾದರೂ ಆಗಿಬಿಟ್ಟರೆ? ಕೈ ಕಟ್ಟಿಕೊಂಡು ಕೂತುಬಿಟ್ಟೆ.

ಅದೇ ಕೊನೆಯ ಭೇಟಿ. ಆಮೇಲೆ ಒಂದು ತಿಂಗಳೂ ಅವರು ಉಳಿಯಲಿಲ್ಲ. ಅಂದು ಕಾರು ಹೊರಡಿಸಿ ತಿರುಗಿ ನೋಡಿದಾಗ ಕಿಟಕಿಯ ಹಿಂದೆ ಅವರ ಕೈ ಮೇಲೇಳುತ್ತಿತ್ತು. ನಾನೂ ಗಾಜಿಳಿಸಿ ಕೈಬೀಸಿದೆ. ಆದರೆ ಅವರು ನನ್ನತ್ತ ನೋಡುತ್ತಲೇ ಇರಲಿಲ್ಲ. ತಲೆ ತಗ್ಗಿಸಿ, ಎಲ್ಲೋ ತಮ್ಮೊಳಗೇ ಕಿವಿಗೊಟ್ಟವರಂತೆ, ತೋಳನ್ನು ಬೆನ್ನಿನಿಂದ ಎತ್ತುವುದು ಹೇಗೆಂದು ಮಾಡಿ ನೋಡುತ್ತಿದ್ದರು.