ನಿದ್ದೆ ಕಾಯುವ ಕೆಲಸ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಹುಟ್ಟಿದ ಕಾಂಚನಾಳಿಗೆ ಮಗ್ಗದ ಸದ್ದು ಕೇಳಿಸುವುದೇ ಇಲ್ಲ. ಅವಳ ಗಂಡ ಪ್ರಭುಲಿಂಗ ಹಾಗಲ್ಲ. ಗಲಗಲಿಯ ಹೊಳೆದಂಡೆಯಲ್ಲಿ ಬೆಳೆದವನು. ಮದುವೆಯಾದ ಮೇಲೆ, ಕಾಂಚನಾಳ ಅಪ್ಪ ಮಗಳಿಗೆಂದು ಬಿಟ್ಟುಹೋದ ಮನೆಗೆ ಬಂದು ನೆಲೆಸಿದ. ಇಪ್ಪತ್ತು ಕಿಲೋಮೀಟರ್ ಆಚೆಯ ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಅವನಿಗೆ ಕೆಲಸ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಐದು ತಿಂಗಳು ಮೂರು ಪಾಳಿ. ನಸುಕಿನ ನಾಲ್ಕರಿಂದ ಒಂದು, ಮಧ್ಯಾಹ್ನ ಹನ್ನೆರಡರಿಂದ ಒಂದು, ರಾತ್ರಿ ಎಂಟರಿಂದ ಇನ್ನೊಂದು. ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು.

ರಾತ್ರಿ ಪಾಳಿಯ ವಾರ ಅವನು ಐದಕ್ಕೆ ಬಂದು, ಮೈಗಂಟಿದ ಬೂದಿ ತೊಳೆದುಕೊಂಡು ಆರಕ್ಕೆ ಮಲಗಬೇಕು. ಎಂಟಕ್ಕೆ ಪಕ್ಕದ ಮನೆಯ ವಿಠೋಬಾನ ನಾಲ್ಕು ಪವರ್‌ಲೂಮ್ ಶುರುವಾಗುತ್ತವೆ. ಎರಡೂ ಮನೆಗೆ ನಡುವಿನ ಗೋಡೆ ಒಂದೇ.

"ನಿದ್ದಿ ಬರೂದಿಲ್ಲಂದ್ರ ಹೆಂಗ್ರೀ? ನಮ್ಮಪ್ಪ ಮಗ್ಗದ ಬಾಜೂಕ ಮಲಗತಿದ್ದ," ಎಂದು ಕಾಂಚನಾ ಮೊದಮೊದಲು ನಗುತ್ತಿದ್ದಳು. ಒಂದು ನಸುಕಿನಲ್ಲಿ ಪ್ರಭುಲಿಂಗ ಕೆಲಸ ಮುಗಿಸಿ ಬರುವಾಗ ಬೈಕಿನ ಮೇಲೆಯೇ ಕಣ್ಣು ಮುಚ್ಚಿಬಿಟ್ಟ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಇತ್ತು. ಅದಕ್ಕೆ ಗುದ್ದಲಿಲ್ಲ, ರಸ್ತೆ ಬಿಟ್ಟು ಹೊಲಕ್ಕೆ ಬಿದ್ದ. ಮೊಣಕಾಲು ತರಚಿತು, ಅಷ್ಟೇ. ಅವತ್ತಿನಿಂದ ಕಾಂಚನಾ ನಗುವುದು ಬಿಟ್ಟಳು. ಗಂಡನ ನಿದ್ದೆ ಕಾಯಲು ಕೂತಳು. ಹಾಗೆ ಇಪ್ಪತ್ತೊಂದು ವರ್ಷ ಕಾದಳು.

ಮಗ್ಗ ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ, ಅದು ವಿಠೋಬಾನ ಅನ್ನ. ಉಳಿದದ್ದನ್ನೆಲ್ಲ ನಿಲ್ಲಿಸಿದಳು. ಕಿಟಕಿಗೆ ಎರಡು ಕೌದಿ ಮಡಚಿ ಕಟ್ಟಿದಳು. ಕುಕ್ಕರ್ ಸೀಟಿ ಹೊಡೆಯುತ್ತದೆಂದು ಬೇಳೆಯನ್ನು ಗಡಿಗೆಯಲ್ಲಿ ಬೇಯಿಸಿದಳು. ನಗರಸಭೆಯ ಕಸದ ಗಾಡಿ ಹಾಡು ಹಾಕಿಕೊಂಡು ಬರುವ ಹೊತ್ತಿಗೆ ಬುಟ್ಟಿ ಹಿಡಿದು ಓಣಿಯ ತುದಿಗೇ ಓಡುತ್ತಿದ್ದಳು. ತರಕಾರಿಯವನು ಅವಳನ್ನು ಕಂಡರೆ ಕೂಗುವುದನ್ನು ನಿಲ್ಲಿಸಿ ಸುಮ್ಮನೆ ಬದನೆಕಾಯಿ ಎತ್ತಿ ತೋರಿಸುತ್ತಿದ್ದ. ಬೆಳಿಗ್ಗೆ ಮನೆಯಲ್ಲಿ ಮಗ್ಗದವರಿಗೆ ನೂಲು ಸುತ್ತಿ ಕಂಡಿಕೆ ಮಾಡಿ ಕೊಡುತ್ತಿದ್ದಳು. ರಾಟಿ ಗರಗರ ಎನ್ನುತ್ತದೆಂದು ಆ ಕೆಲಸವನ್ನು ಮಧ್ಯಾಹ್ನಕ್ಕೆ ಹಾಕಿದಳು. ತಾನೊಂದಿಷ್ಟು ಅಡ್ಡಾಗಬಹುದಾಗಿದ್ದ ಹೊತ್ತು ಅದೊಂದೇ ಇತ್ತು, ಅದೂ ಹೋಯಿತು. ಅವರ ಒಬ್ಬಳೇ ಮಗಳು ತಾರಾ ಈಗ ಜಮಖಂಡಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅಲ್ಲಿಯೂ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚುತ್ತಾಳಂತೆ.

ನಸುಕಿನ ಪಾಳಿಯ ವಾರ ಕಾಂಚನಾ ಎರಡಕ್ಕೆ ಎದ್ದು ರೊಟ್ಟಿ ಬಡಿಯಬೇಕು. ರಾತ್ರಿ ಪಾಳಿಯ ವಾರ ಅವನು ಬರುವ ತನಕ ಕಣ್ಣು ಮುಚ್ಚುತ್ತಿರಲಿಲ್ಲ, ಬೈಕಿನ ಸದ್ದಿಗೆ ಕಿವಿ ಕೊಟ್ಟು ಮಲಗಿರುತ್ತಿದ್ದಳು. ಪ್ರಭುಲಿಂಗನಿಗೆ ವಾರಕ್ಕೊಂದು ರಜೆಯಿತ್ತು. ಇವಳಿಗೆ ಅದೂ ಇರಲಿಲ್ಲ.

ಹೋದ ಜನವರಿಯ ಒಂದು ಬೆಳಿಗ್ಗೆ, ಹತ್ತರ ಸುಮಾರಿಗೆ, ಕಾಂಚನಾ ಮನೆ ಮುಂದಿನ ಕಟ್ಟೆಯ ಮೇಲೆ ಮೆಂತೆಪಲ್ಲೆ ಸೋಸುತ್ತ ಕೂತಿದ್ದಳು. ಕೂತಲ್ಲೇ ತೂಕಡಿಕೆ ಬಂದು ಮುಂದಕ್ಕೆ ವಾಲಿ ಗಟಾರದ ಕಲ್ಲಿನ ಮೇಲೆ ಬಿದ್ದಳು. ಕಿಟಕಿಯಿಂದ ಕಂಡ ವಿಠೋಬಾ ನಾಲ್ಕೂ ಮಗ್ಗ ಬಂದ್ ಮಾಡಿ ಓಡಿಬಂದ. ಓಣಿ ಒಮ್ಮೆಲೇ ಸುಮ್ಮನಾಯಿತು. ಒಳಗೆ ಮಲಗಿದ್ದ ಪ್ರಭುಲಿಂಗನಿಗೆ ಎಚ್ಚರವಾದದ್ದು ಆ ಮೌನಕ್ಕೆ.

ಅವನು ಹೊರಗೆ ಬಂದಾಗ ಹೆಂಡತಿಯ ಎಡ ಮುಂಗೈ ಸೊಟ್ಟಗೆ ತಿರುಗಿತ್ತು, ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನನ್ನು ನೋಡಿದ್ದೇ ಕಾಂಚನಾ ಅಂದಳು: "ಯಾಕ ಎದ್ರಿ? ಇನ್ನಾ ಹತ್ತ ಆಗೇತಿ. ಹೋಗಿ ಮಲಗ್ರಿ."

ವಿಠೋಬಾ ಮುಖ ಆಚೆ ತಿರುಗಿಸಿದ.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿದರು. ವೈದ್ಯೆ ಚಿಕ್ಕ ವಯಸ್ಸಿನವಳು. ಬಿ.ಪಿ. ನೋಡಿ, ನಂಬದೆ ಇನ್ನೊಮ್ಮೆ ನೋಡಿದಳು. ನೂರಾ ಎಪ್ಪತ್ತೆಂಟು ಇತ್ತು.

"ದಿನಾ ಎಷ್ಟ ತಾಸ ಮಲಗತೀರಿ?"

"ಐದ ತಾಸ್ರೀ. ಒಮ್ಮೊಮ್ಮೆ ನಾಕ," ಅಂದ ಪ್ರಭುಲಿಂಗ.

"ನಿಮಗಲ್ಲ ಕೇಳಿದ್ದು. ಇವರಿಗೆ."

"ಮಲಗತಾಳ್ರೀ," ಅಂದ ಪ್ರಭುಲಿಂಗ. ಆಮೇಲೆ ಇನ್ನೊಮ್ಮೆ, ಮೆಲ್ಲಗೆ, "ಮಲಗತಾಳ." ಯಾವಾಗ ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ಮನೆಯಲ್ಲಿ ಎಚ್ಚರ ಇದ್ದಾಗಲೆಲ್ಲ ಅವಳೂ ಎಚ್ಚರ ಇದ್ದಳು. ಅವನು ಮಲಗಿದಾಗಿನ ಮಾತು ಅವನಿಗೆ ಹೇಗೆ ಗೊತ್ತಾಗಬೇಕು?

ಕಾಂಚನಾಳನ್ನು ಕೇಳಿದರೆ ಅವಳಿಗೂ ಲೆಕ್ಕ ಸಿಗಲಿಲ್ಲ. "ಅಲ್ಲೊಂದೀಟ ಇಲ್ಲೊಂದೀಟ ನಿದ್ದಿ ಆಕೈತ್ರೀ," ಅಂದಳು.

ವೈದ್ಯೆ ಸಿಟ್ಟು ಮಾಡಲಿಲ್ಲ. "ಮನ್ಯಾಗ ಪಾಳಿ ಮಾಡೋರು ಒಬ್ಬರ ಅಂತ ತಿಳದೀರಿ. ಇಬ್ಬರೂ ಮಾಡಾಕತ್ತೀರಿ," ಅಂದಳು. ಗುಳಿಗೆ ಬರೆದುಕೊಟ್ಟಳು. ಕಾಂಚನಾ ರಾತ್ರಿ ಒಂದೇ ಹೊತ್ತಿಗೆ ಮಲಗಬೇಕು, ನಡುವೆ ರೊಟ್ಟಿಗೆ ಏಳಬಾರದು ಎಂದಳು. ಪ್ರಭುಲಿಂಗನಿಗೂ ಹೇಳಿದಳು: ಪಾಳಿಯ ಕೊನೆಯ ತಾಸುಗಳಲ್ಲಿ ಚಹಾ ಬೇಡ, ಮಲಗುವ ಕೋಣೆ ಕತ್ತಲೆ ಇರಲಿ, ತೂಕಡಿಕೆ ಬಂದರೆ ಬೈಕ್ ಹತ್ತದೆ ಕಾರ್ಖಾನೆಯಲ್ಲೇ ಅರ್ಧ ತಾಸು ಅಡ್ಡಾಗಿ ಬನ್ನಿ.

ಮರುದಿನ ಸಂಜೆ ವಿಠೋಬಾ ತಾನೇ ಮನೆಗೆ ಬಂದು ಬಾಗಿಲಲ್ಲಿ ನಿಂತ. "ಕಾಂಚನಕ್ಕ, ಮಗ್ಗ ಸರಸಾಕ ಬರೂದಿಲ್ಲ, ಸಿಮೆಂಟಿನ್ಯಾಗ ಕೂಡಿಸೇವಿ," ಅಂದ. ಸರಿಸೆಂದು ಅವಳು ಕೇಳಿಯೇ ಇರಲಿಲ್ಲ. "ಹಿಂದಿನ ಓಣ್ಯಾಗ ನಮ್ಮ ನೂಲಿನ ಕ್ವಾಣಿ ಐತಿ. ಮಣ್ಣಿನ ಗ್ವಾಡಿ, ಒಳಗ ಸಪ್ಪಳ ಬರೂದಿಲ್ಲ. ಪ್ರಭು ಅಲ್ಲಿ ಮಲಗಲಿ. ಕೀಲಿ ನಿಮ್ಮ ಕಡೇನ ಇರಲಿ."

ಹೀಗೆ ಪ್ರಭುಲಿಂಗ ಬೆಳಿಗ್ಗೆ ನೂಲಿನ ಚೀಲಗಳ ನಡುವೆ ಚಾಪೆ ಹಾಕಿ ಮಲಗತೊಡಗಿದ. ಮೊದಲ ದಿನ ಏಳು ತಾಸು ನಿದ್ದೆ ಮಾಡಿದ. ಎದ್ದಾಗ ಯಾವ ಊರಿನಲ್ಲಿದ್ದೇನೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಕೂತೇ ಇದ್ದನಂತೆ. ಮನೆಯಲ್ಲಿ ಕಾಂಚನಾಳಿಗೆ ಬೆಳಿಗ್ಗೆ ಕೆಲಸವಿಲ್ಲದಂತಾಯಿತು. ಮಲಗಿದರೂ ನಿದ್ದೆ ಬರುತ್ತಿರಲಿಲ್ಲ. ಓಣಿಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ, ಸುಮ್ಮನಿರಿ ಎಂದು ಪ್ಲಾಸ್ಟರಿನ ಕೈ ಎತ್ತಿ, ಆಮೇಲೆ ಇಳಿಸುತ್ತಿದ್ದಳು.

ಪ್ರಭುಲಿಂಗ ಕಾರ್ಖಾನೆಯಲ್ಲಿ ಪಾಳಿ ಪಟ್ಟಿ ಬರೆಯುವ ಗಿರಮಲ್ಲಪ್ಪನ ಹತ್ತಿರ ಹೋದ. "ವಾರಕ್ಕೊಮ್ಮಿ ಬದಲ ಮಾಡೂದು ಬ್ಯಾಡ್ರೀ. ಹದಿನೈದ ದಿನಕ್ಕ ಮಾಡ್ರಿ. ಮೈ ಹೊಂದೂದ್ರಾಗ ಪಾಳಿ ತಿರಗತೈತಿ."

"ಒಬ್ಬನ ಸಲುವಾಗಿ ಆಗೂದಿಲ್ಲೋ ಪ್ರಭು. ಎಲ್ಲಾರೂ ಕೂಡಿ ಬರದ ಕೊಡ್ರಿ."

ಬಾಯ್ಲರಿನ ಹನ್ನೊಂದು ಜನ ಸಹಿ ಮಾಡಿದರು. ಮಾಂತೇಶನೆಂಬ ಹಳೆಯ ಜೊತೆಗಾರ ಸಹಿ ಮಾಡುವಾಗ ಕೇಳಿದ, "ನಿನ್ನ ಹೇಣ್ತಿ ಬಿದ್ಲಂತ ಹೌದೇನು?" ಪ್ರಭುಲಿಂಗ ಹೌದೆಂದ. ಮಾಂತೇಶ ಸಹಿ ಮಾಡಿ ಪೆನ್ನು ವಾಪಸು ಕೊಟ್ಟ. "ನಮ್ಮಾಕೀಗೂ ತಲಿ ತಿರಗತೈತಿ ಅಂತಾಳ," ಅಂದ.

ಹದಿನೈದು ದಿನದ ಪಾಳಿಗೆ ಕಾರ್ಖಾನೆಯವರು ಬಾಯ್ಲರಿನವರ ಮಟ್ಟಿಗೆ ಒಪ್ಪಿದರು. ಕಣ್ಣು ಎಳೆದಾಗ ಅರ್ಧ ತಾಸು ಅಡ್ಡಾಗಲು ಒಂದು ಕೋಣೆ, ನಾಲ್ಕು ಮಂಚವನ್ನೂ ಅರ್ಜಿಯಲ್ಲಿ ಕೇಳಿದ್ದರು. ಅದನ್ನು ಮುಂದಿನ ಹಂಗಾಮಿಗೆ ನೋಡೋಣ ಎಂಬ ಉತ್ತರ ಬಂತು. ಇನ್ನೂ ನೋಡುತ್ತಲೇ ಇದ್ದಾರೆ.

ಪ್ರಭುಲಿಂಗ ನಸುಕಿನ ಪಾಳಿಗೆ ಹೊರಡುವಾಗ ಸಂಜೆಯ ರೊಟ್ಟಿಯನ್ನು ತಾನೇ ಕಟ್ಟಿಕೊಳ್ಳುವುದನ್ನು ಕಲಿತ. ಬೈಕನ್ನು ಓಣಿಯ ತುದಿಯ ತನಕ ನೂಕಿಕೊಂಡು ಹೋಗಿ ಅಲ್ಲಿ ಚಾಲು ಮಾಡುತ್ತಾನೆ. ಆದರೂ ಕಾಂಚನಾಳಿಗೆ ಎಚ್ಚರವಾಗುತ್ತದೆ. ಆದರೆ ಏಳುವುದಿಲ್ಲ.

ಮಾರ್ಚಿನಲ್ಲಿ ಮತ್ತೆ ತೋರಿಸಲು ಹೋದರು. ನೂರಾ ಐವತ್ತು. "ಇಳದೈತಿ, ಆದ್ರ ಸಾಲದು. ಗುಳಿಗಿ ಬಿಡಬ್ಯಾಡ್ರಿ," ಅಂದಳು ವೈದ್ಯೆ. ಹೊರಗೆ ಬಂದು ರಬಕವಿ ದಾರಿಯ ಒಂದು ಗೂಡಂಗಡಿಯ ಮುಂದೆ ಪ್ರಭುಲಿಂಗ ಗಾಡಿ ನಿಲ್ಲಿಸಿದ. ಇಬ್ಬರೂ ಬಾಕಿನ ಮೇಲೆ ಕೂತು ಚಹಾ ಕುಡಿದರು. ಬಿಸಿಲು ಇನ್ನೂ ಇಳಿದಿರಲಿಲ್ಲ.

"ನನಗ ಭಾಳ ದಣಿವಾಗೇತ್ರಿ," ಅಂದಳು ಕಾಂಚನಾ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವಳು ಈ ಮಾತು ಆಡಿದ್ದು ಅದೇ ಮೊದಲು.

ಎಲ್ಲಾ ಸರಿಯಾಗುತ್ತದೆ ಎಂದು ಅವನು ಹೇಳಲಿಲ್ಲ. "ಹೂಂ," ಅಂದ. "ಕೂಡು. ಇನ್ನೊಂದೀಟ ಕೂಡೂಣು." ಎಂಟಕ್ಕೆ ಅವನು ಪಾಳಿಗೆ ಹೋಗಬೇಕಿತ್ತು. ಆದರೂ ಐದೂವರೆಯ ತನಕ ಅಲ್ಲಿಯೇ ಕೂತಿದ್ದರು.