ಕಷಾಯದ ಚಕ್ಕೆ, ಪಲಾವಿನ ಚಕ್ಕೆ

ಅನ್ನಕ್ಕೆ ಚಕ್ಕೆ ಹಾಕಿದ್ದಕ್ಕೆ ಸೊಸೆಯನ್ನು ಒಲೆ ಮುಟ್ಟಬೇಡ ಎಂದ ಮನೆ ನಮ್ಮದು. ಇದನ್ನು ಹೇಳಿದರೆ ನನ್ನ ಮಗಳು ಬಿದ್ದುಬಿದ್ದು ನಗುತ್ತಾಳೆ. ನನಗೆ ಮಾತ್ರ ಇವತ್ತಿಗೂ ಸಿಟ್ಟು ಬರುತ್ತದೆ.

ನಾನು ಮದುವೆಯಾಗಿ ಬೈರಮಂಗಲದ ಪಕ್ಕದ ಹಳ್ಳಿಗೆ ಬಂದಾಗ ಬಿಡದಿ ಸುತ್ತ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದವು. ನಾನೂ ಗಾರ್ಮೆಂಟ್ಸ್‌ಗೆ ಸೇರಿ ಕಾಲರ್ ಹೊಲಿಯಲು ಕೂತೆ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಯಾರು ಯಾವ ಜಾತಿ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಉಂಡು ಮತ್ತೆ ಮಿಷನ್ ತುಳಿಯಬೇಕು. ಪಕ್ಕದ ಮಿಷನ್ನಿನವಳು ಒಂದು ದಿನ ತನ್ನ ಪಲಾವನ್ನು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕಿದಳು. ಬಟಾಣಿ, ಆಲೂಗಡ್ಡೆ, ಜೊತೆಗೆ ಮರದ ಸಿಪ್ಪೆಯಂಥದ್ದೇನೋ ಬಾಯಿಗೆ ಸಿಕ್ಕಿತು.

"ಚಕ್ಕೆ ಕಣೇ, ಉಗುಳ್ಬ್ಯಾಡ. ಒಸಿ ಚೀಪು" ಎಂದಳು.

ಚೀಪಿದೆ. ಮೊದಲು ಖಾರ, ಆಮೇಲೆ ಸಿಹಿ. ಸಂಜೆಯವರೆಗೂ ಅದೇ ರುಚಿ ನಾಲಿಗೆಯ ಮೇಲಿತ್ತು.

ನಮ್ಮದು ಲಿಂಗ ಕಟ್ಟುವ, ಮಾಂಸ ಮುಟ್ಟದ ಮನೆತನ. ನಮ್ಮ ಬೀದಿಯವರ ಲೆಕ್ಕದಲ್ಲಿ ಚಕ್ಕೆ ಲವಂಗ ಒಗ್ಗರಣೆಗೆ ಬಿತ್ತೆಂದರೆ ಅದು ಬಾಡಿನ ಸಾರೇ. ಗೊತ್ತಿದ್ದೂ ರಾಮನಗರದ ದಿನಸಿ ಅಂಗಡಿಯಿಂದ ಒಂದು ಪೊಟ್ಟಣ ಚಕ್ಕೆ ತಂದೆ. ರಜೆ ಇದ್ದ ಭಾನುವಾರ ಪಲಾವಿಗೆ ಇಟ್ಟೆ. ಅದು ಶ್ರಾವಣ ಎನ್ನುವುದನ್ನು ಮರೆತೆ. ಬಾಡು ತಿನ್ನುವವರೇ ಬಿಟ್ಟು ಕೂತಿದ್ದ ತಿಂಗಳಲ್ಲಿ ನಮ್ಮ ಮನೆಯಿಂದ ಘಮ ಎದ್ದಿತು!

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಇಣುಕಿದಳು. "ಏನವ್ವಾ, ಶ್ರಾವಣದಾಗೆ ನಿಮ್ಮನೇಲಿ ಬಾಡು ಬೇಯ್ತಾ ಐತಾ?"

ಜಗುಲಿಯಲ್ಲಿದ್ದ ಅತ್ತೆ ದಡಕ್ಕನೆ ಎದ್ದರು. ಒಳಗೆ ಬಂದು ಪಾತ್ರೆ ಎತ್ತಿ, ಅಷ್ಟೂ ಪಲಾವನ್ನು ಕಲಗಚ್ಚಿನ ಬಾನಿಗೆ ಸುರಿದರು. ಎಮ್ಮೆ ಒಂದಗುಳೂ ಬಿಡದೆ ತಿಂದಿತು. ಆ ಮನೆಯಲ್ಲಿ ನನ್ನ ಪಲಾವನ್ನು ಮೊದಲು ಮೆಚ್ಚಿದ್ದು ಅದೇ.

"ಇನ್ಮೇಲೆ ನೀನು ಒಲೆ ಮುಟ್ಟಬ್ಯಾಡ" ಎಂದರು ಅತ್ತೆ. "ನಾಳೆ ಅಯ್ಯನೋರು ಪೂಜೆಗೆ ಬತ್ತಾರೆ. ಇದು ಅವರ ಕಿವಿಗೆ ಬಿದ್ರೆ ನಮ್ಮನೇಲಿ ಪ್ರಸಾದ ಮುಟ್ತಾರಾ?"

ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡು ಮೆಲ್ಲಗೆ ಆಚೆ ಹೋದರು. ಒಲೆ ಮುಟ್ಟಬೇಡ ಎಂದರೆ ನೀನು ಈ ಮನೆಯವಳಲ್ಲ ಎಂದ ಹಾಗೆ. ನಾನು ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ, ದುಃಖಕ್ಕಲ್ಲ, ರೋಷಕ್ಕೆ. ಬೈರಮಂಗಲ ಕೆರೆಯ ಕಡೆಯಿಂದ ಕೊಳಚೆಯ ನೊರೆ ನೀರಿನ ನಾತ ದಿನಾ ನಮ್ಮ ಬೀದಿಗೆ ನುಗ್ಗುತ್ತಿತ್ತು. ಅದನ್ನು ಸಹಿಸಿಕೊಂಡ ಮೂಗುಗಳಿಗೆ ನನ್ನ ಒಂದು ತುಂಡು ಚಕ್ಕೆ ತಡೆಯಲಾಗಲಿಲ್ಲವೇ?

ಮಾರನೆಯ ದಿನ ಅಯ್ಯನವರು ಬಂದರು. ನೆಗಡಿಯಾಗಿ ಅವರ ಗಂಟಲು ಕಟ್ಟಿತ್ತು. ಅತ್ತೆ ಕಷಾಯ ಮಾಡಲು ಮದ್ದಿನ ಡಬ್ಬಿ ತೆಗೆದರು. ನಾನು ಅಡಿಗೆಮನೆಯ ಹೊಸ್ತಿಲಾಚೆ ನಿಂತು ನೋಡುತ್ತಿದ್ದೆ. ಒಣಶುಂಠಿ ಬಂತು, ಮೆಣಸು ಬಂತು, ಆಮೇಲೆ ಬೆರಳುದ್ದದ ಚಕ್ಕೆ ಬಂತು.

"ಅತ್ತೆ, ಅದು ಚಕ್ಕೆ ಅಲ್ವಾ?"

"ಇದು ಔಸ್ದಿ ಕಣಮ್ಮಿ. ಮೆಲ್ಲಗೆ ಮಾತಾಡು."

ಮೆಲ್ಲಗೆ ಮಾತಾಡಲಿಲ್ಲ. ಕಷಾಯದ ಲೋಟವನ್ನು ನಾನೇ ಎತ್ತಿಕೊಂಡು ನಡುಮನೆಗೆ ಹೋಗಿ ಅಯ್ಯನವರ ಮುಂದೆ ನಿಂತೆ.

"ಅಯ್ಯನೋರೆ, ನಿನ್ನೆ ಅನ್ನಕ್ಕೆ ಚಕ್ಕೆ ಹಾಕಿದ್ದಕ್ಕೆ ನಂಗೆ ಒಲೆ ಮುಟ್ಟಬ್ಯಾಡ ಅಂದವ್ರೆ. ಇವತ್ತು ನಿಮ್ಮ ಕಷಾಯದಾಗೂ ಚಕ್ಕೆ ಐತೆ. ಕುಡೀತೀರಾ, ಇಲ್ಲಾ ಚೆಲ್ಲಲಾ?"

ಅಯ್ಯನವರು ಲೋಟ ನೋಡಿದರು, ಅತ್ತೆಯನ್ನು ನೋಡಿದರು, ಒಮ್ಮೆ ಕೆಮ್ಮಿದರು. ಆಮೇಲೆ ಪೂರ್ತಿ ಕುಡಿದು, "ಒಸಿ ಬೆಲ್ಲ ಸಾಲ್ದು" ಎಂದರು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮುಂದಿನ ಭಾನುವಾರ ಯಾರನ್ನೂ ಕೇಳದೆ ಒಲೆ ಹಚ್ಚಿದೆ. ಬೀದಿ ಬಾಗಿಲು, ಹಿತ್ತಲ ಬಾಗಿಲು ಎರಡನ್ನೂ ತೆರೆದಿಟ್ಟೇ ಎಣ್ಣೆಗೆ ಚಕ್ಕೆ ಬಿಟ್ಟೆ. ಅತ್ತೆ ಈ ಸಲ ಪಾತ್ರೆ ಮುಟ್ಟಲಿಲ್ಲ, ಪಲಾವನ್ನೂ ಮುಟ್ಟಲಿಲ್ಲ. ತಾವೇ ಗಂಜಿ ಕಾಯಿಸಿಕೊಂಡು ಜಗುಲಿಯಲ್ಲಿ ಕುಡಿದರು. ಹೀಗೆ ಎಷ್ಟೋ ಭಾನುವಾರ ನಡೆಯಿತು. ಅವರೂ ಬಗ್ಗಲಿಲ್ಲ, ನಾನೂ ಬಿಡಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಪಕ್ಕದ ಮನೆಯಾಕೆ ಮತ್ತೆ ಇಣುಕಿದಳು. "ಏನವ್ವಾ, ಇವತ್ತೂ ಬಾಡಿನ ವಾಸ್ನೆ?"

ಸೌಟು ಹಿಡಿದೇ ಹೊರಗೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ಜಗುಲಿಯಿಂದ ಅತ್ತೆಯ ದನಿ ಎದ್ದಿತು.

"ಚಕ್ಕೆ ವಾಸ್ನೆ ಕಣವ್ವ ಅದು. ನನ್ ಸೊಸೆ ಅಡಿಗೆ. ನಿಂಗೆ ಮೂಗು ಅಷ್ಟು ಚುರುಕಾಗಿದ್ರೆ ಒಸಿ ಕೆರೆ ಕಡೀಕೆ ತಿರುಗ್ಸು."

ಹಾಗೆಂದವರು ಒಳಗೆ ಬಂದು ತಟ್ಟೆ ಹಾಕಿಕೊಂಡು ಕೂತರು. ಬಡಿಸಿದೆ. ನಾಲ್ಕನೆಯ ತುತ್ತಿಗೆ ಅವರ ದವಡೆ ನಿಂತಿತು, ಚಕ್ಕೆ ಸಿಕ್ಕಿತ್ತು. ನನ್ನ ಮುಖ ನೋಡಿದರು.

"ಉಗುಳ್ಬ್ಯಾಡಿ ಅತ್ತೆ" ಎಂದೆ.

ಉಗುಳಲಿಲ್ಲ.