ಹಳೇಬೀಡಿನ ತಾರಸಿಯ ಸುಣ್ಣ

ಲೋಕೇಶ, ಹಳೇಬೀಡಿನ ಆ ತಾರಸಿಯ ಮೇಲೆ ಸುಣ್ಣ ಇರಲಿಲ್ಲ. ಇತ್ತು ಎಂದು ನಾನು ಸುಳ್ಳು ಹೇಳಿದೆ.

ತೊಂಬತ್ತರ ದಶಕದ ಕೊನೆ. ನಮ್ಮಿಬ್ಬರ ಪಿಎಚ್.ಡಿ.ಗೂ ಒಬ್ಬರೇ ಗೈಡ್. ಆಮ್ಲಮಳೆ ಬಿದ್ದರೆ ಕೆರೆಗೆ ಹರಿದು ಬರುವ ನೀರು ವರ್ಷದಿಂದ ವರ್ಷಕ್ಕೆ ಹೇಗೆ ಕೆಡುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ನನ್ನದು. ಆ ಲೆಕ್ಕ ಸರಿಯೇ ಎಂದು ನಿಜವಾದ ಮಳೆನೀರು ಹಿಡಿದು ಪರೀಕ್ಷಿಸುವುದು ನಿನ್ನ ಕೆಲಸ. ಹಳೇಬೀಡಿನಲ್ಲಿ ನಮಗೆ ಪರಿಚಯವಿದ್ದ ಗಂಗಮ್ಮನವರ ಮನೆಯ ತಾರಸಿಯ ಮೇಲೆ ಆಲಿಕೆ, ಅದರಡಿ ಬಾಟಲು. ಆ ಮಳೆಗಾಲ ಪೂರ್ತಿ ನೀನು ಕಾಮಾಲೆಯಾಗಿ ಜಾವಗಲ್ಲಿನಲ್ಲಿ ಮಲಗಿದ್ದೆ. ನಿನ್ನ ಬಾಟಲುಗಳನ್ನು ನಾನೇ ತಂದೆ.

ಆ ನೀರಿನಲ್ಲಿ ಆಮ್ಲದ ಸುಳಿವೇ ಇರಲಿಲ್ಲ. ನಮ್ಮ ಸೀಮೆಯ ಧೂಳೇ ಅದನ್ನು ತಿಂದುಹಾಕುತ್ತದೆ ಎಂದು ನೀನು ಮೊದಲಿಂದ ಹೇಳುತ್ತಿದ್ದೆ — ಅದು ನಿಜವಾದರೆ ನನ್ನ ಮಾದರಿ ಬಿದ್ದುಹೋಗುತ್ತಿತ್ತು. ಗೈಡ್‌ಗೆ ಹೇಳಿದೆ: "ಯುಗಾದಿಗೆ ಮನೆಗೆ ಸುಣ್ಣ ಹೊಡೆದಿದ್ದಾರೆ ಸರ್. ಗೋಡೆಯಿಂದ ಆಲಿಕೆಗೆ ಸಿಡಿದಿದೆ." ಸುಣ್ಣ ಬೆರೆತರೆ ಆಮ್ಲ ಉಳಿಯುವುದಿಲ್ಲ. ಅವರು ಆ ಬಾಟಲುಗಳನ್ನೆಲ್ಲ ಲೆಕ್ಕದಿಂದ ಕೈಬಿಟ್ಟರು.

ನೀನು ಹುಷಾರಾಗಿ ಬಂದವನು ಕೇಳಿದ್ದು ಒಂದೇ ಮಾತು. "ಏನ್ಲಾ, ಸುಣ್ಣ ನೀನೇ ಕಣ್ಣಾರೆ ಕಂಡ್ಯಾ?"

"ಕಂಡೆ ಕಣೋ."

"ದೇವ್ರು ಎದುರಿಗೆ ನಿಂತ್ರೂ ನಂಬದೋನು ನೀನು. ನೀನೇ ಕಂಡೆ ಅಂದ್ಮೇಲೆ ಇರ್ಲೇಬೇಕು ಬಿಡು." ಹೇಳಿ ನೀನು ನಕ್ಕೆ ಕೂಡ.

ಇನ್ನೊಂದು ಮಳೆಗಾಲ ಕಾಯುವಷ್ಟು ಫೆಲೋಶಿಪ್ ನಿನಗೆ ಉಳಿದಿರಲಿಲ್ಲ. ನನಗೆ ಡಾಕ್ಟರೇಟ್ ಬಂತು; ನೀನು ಪ್ರಬಂಧವನ್ನು ಅರ್ಧಕ್ಕೇ ಬಿಟ್ಟು ಅರಸೀಕೆರೆಯ ಟ್ಯುಟೋರಿಯಲ್ ಸೇರಿದೆ.

ವಿಚಿತ್ರವೆಂದರೆ — ಆಮೇಲೆ ಆ ಸುಣ್ಣ ನನಗೆ ಕಾಣತೊಡಗಿತು. ಆಲಿಕೆಯ ಅಂಚಿನಲ್ಲಿ ಬಿಳಿ ಹನಿಗಳು, ಬೆರಳಿಗೆ ಹತ್ತಿದ ಪುಡಿ... ನಾನು ಹೇಳಿದ್ದು ಸುಳ್ಳೋ, ಅದು ಸುಳ್ಳೆಂಬ ನೆನಪೇ ಸುಳ್ಳೋ — ವರ್ಷಗಟ್ಟಲೆ ಆ ಅನುಮಾನದೊಳಗೇ ಬೆಚ್ಚಗಿದ್ದೆ.

ಮೊನ್ನೆ ಬೇಲೂರಿನಿಂದ ಬರುವಾಗ ಹಳೇಬೀಡಿನಲ್ಲಿ ಬಸ್ಸಿಳಿದೆ. ಗಂಗಮ್ಮನವರು ಇದ್ದಾರೆ, ಗುರುತೂ ಹಿಡಿದರು. ಲೋಕೇಶನಿಗೆ ಕಾಮಾಲೆಯಾದ ವರ್ಷ ಯುಗಾದಿಗೆ ಸುಣ್ಣ ಹೊಡೆಸಿದ್ದಿರಾ ಎಂದೆ.

"ಆ ವರ್ಸ ಸಿವರಾತ್ರೀಲಿ ನಮ್ಮತ್ತೆ ತೀರ್ಕಂಡ್ರಲ್ಲಪ್ಪಾ. ಸಾವಿನ ಮನೇಲಿ ಹಬ್ಬನೇ ಇಲ್ಲ, ಸುಣ್ಣ ಎಲ್ಲಿಂದ ಬತ್ತದೆ? ತಿಥಿಗೆ ನೀನೂ ಬಂದಿದ್ದೆ. ಪಾಯ್ಸ ಇನ್ನೊಂದ್ಸಲ ಹಾಕುಸ್ಕಂಡೆ, ಮರ್ತ್ಯಾ?"

ಹಾಕಿಸಿಕೊಂಡಿದ್ದೆ.

ಏನೂ ಅನ್ನಿಸಲಿಲ್ಲ. ಅವರು ಕೊಟ್ಟ ಕಾಫಿ ಕುಡಿದೆ, ಮುಂದಿನ ಬಸ್ಸು ಹತ್ತಿದೆ. ಗೈಡ್‌ಗೂ ಇದನ್ನೇ ಬರೆಯುತ್ತಿದ್ದೇನೆ.

ಇದನ್ನು ಬರೆಯುವಾಗಲೂ ಆ ಬಿಳಿ ಹನಿಗಳು ಕಾಣುತ್ತಲೇ ಇವೆ, ಲೋಕೇಶ. ಆದರೂ ನೀನು ಅವತ್ತು ಕೇಳಿದ್ದಕ್ಕೆ ಉತ್ತರ — ಇಲ್ಲ ಕಣೋ. ಕಾಣಲಿಲ್ಲ.